ಬಾಗಿಲು ತಗಿ

ಬೋರಣ್ಣ ಮೇಷ್ಟ್ರ ಕಾದಂಬರಿ ಆರುನೂರ ಹನ್ನೆರಡು ಪುಟ.
ಸಂತೆಪೇಟೆಯ ಇದೇ ಜೆರಾಕ್ಸ್ ಅಂಗಡಿಯಲ್ಲಿ
ಹದಿನೇಳು ವರ್ಷದ ಹಿಂದೆ ನಾನೇ ಕುಟ್ಟಿದ್ದು, ನುಡಿಯಲ್ಲಿ.
ಈಗ ಯೂನಿಕೋಡಿಗೆ ತಿರುಗಿಸಿದರೆ
ಅರ್ಧ ಒತ್ತಕ್ಷರ ದಾರಿಯಲ್ಲೇ ಉದುರಿ
ಪಾಳೆಯಗಾರರ ದಂಡು
ಕೊಂಬಿಲ್ಲದೆ ದೀರ್ಘವಿಲ್ಲದೆ ಕುಂಟುತ್ತ ಬಂತು.

ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರದ ಆಟ.
ಆಡುವವರು ಹೇಳಬೇಕು, ಕೋಟೆ ಮರುಮಾತಾಡಬೇಕು.

ಮೊದಲು ಕೊಂದದ್ದು ಭೂತಕಾಲವನ್ನು.
ಎದ್ದನು, ನಡೆದನು, ನಿಟ್ಟುಸಿರಿಟ್ಟನು,
ಎಲ್ಲ 'ನು'ಗಳನ್ನೂ ಗುಡಿಸಿ ಒಂದು ಫೈಲಿಗೆ ಸುರಿದೆ.
ಕಾವಲುಗಾರ ಕೆಂಚ ಇನ್ನು ಕೆಂಚನಲ್ಲ, ನೀನು.
ನೀನು ಮದ್ದಿನಮನೆಯ ಹೊಸ್ತಿಲಲ್ಲಿದ್ದೀಯ.
ಉತ್ತರಕ್ಕೆ ಬಂಡೆ. ಪೂರ್ವಕ್ಕೆ ಬಂಡೆ. ಪಶ್ಚಿಮಕ್ಕೆ ದಿಡ್ಡಿಬಾಗಿಲು.
ಕೈಯಲ್ಲಿ ಬೀಗದಕೈ, ಬಾಯಲ್ಲಿ ಅರ್ಧ ರೊಟ್ಟಿ.

ತೆರೆ ಅಂದರೆ ತೆರೆಯುತ್ತಿತ್ತು, ಸರಿ.
ಆದರೆ ಟೋಲ್‌ಗೇಟಿನ ಕಡೆಯ ಹುಡುಗರು
ತಗಿ ಅಂದರು, ತೆಗಿ ಅಂದರು, ತಗೀಲೇ ಅಂದರು;
ಬಾಗಿಲು, ಬಾಗ್ಲು, ಬಾಗಿಲನ್ನು, ಬಾಗ್ಲಾನ.
ವಿಭಕ್ತಿಗಳ ಬಾಲ ಕತ್ತರಿಸುತ್ತ ಮೂರು ತಿಂಗಳು ಕೂತೆ.
ಏಳು ಸುತ್ತು ಕಟ್ಟಿದವರಿಗೂ
ಒಂದು ಬಾಗಿಲನ್ನು ಇಷ್ಟು ಬಗೆಯಲ್ಲಿ ಬಡಿಯಬಹುದೆಂದು
ಹೊಳೆದಿರಲಿಕ್ಕಿಲ್ಲ.

ಪಾಲೇಶ ಕಿವಿಯಲ್ಲಿ ಆಡುವವನು.
ಫೋನು ಓದುತ್ತದೆ, ಇವನು ಕೇಳಿ ಕುಟ್ಟುತ್ತಾನೆ;
ಹುಟ್ಟಿದಾಗಿಂದ ಕಣ್ಣಿಲ್ಲ.
ದೀಪ ಮರೆತು ಮದ್ದು ಬೀಸುವ ಗುಂಡಿಗೆ ಇಳಿದಾಗ
ನನ್ನ ಆಟ ಗತ್ತಿನಿಂದ ಹೇಳಿತು:
ಕತ್ತಲು. ಏನೂ ಕಾಣದು. ಮುಂದೆ ಹೋಗಲಾರೆ.
'ಯಾಕಕ್ಕಾ,' ನಕ್ಕುಬಿಟ್ಟ,
'ಕತ್ತಲಾದ್ರೆ ದಾರಿ ಎದ್ದು ಹೋಗುತ್ತಾ?'
ಆ ಭಾನುವಾರ ಮೇಲಕ್ಕೆ ಕರೆದೊಯ್ದ, ಅವನು ನನ್ನನ್ನು.
ಗುಂಡಿಯ ಕಲ್ಲಿಗೆ ಅಂಗೈಯಿಟ್ಟು
'ಇಲ್ಲಿ ನುಣುಪು, ಇಲ್ಲಿ ತರಿ, ಇಲ್ಲಿ ಬೀಸಿ ಬೀಸಿ ಸವೆದದ್ದು' ಎಂದ.
ಕಣ್ಣಿದ್ದ ನಾನು ಎದುರು ಗುಡ್ಡದ ಗಾಳಿಗಿರಣಿ ಎಣಿಸುತ್ತಿದ್ದೆ.
ಬಂದವಳೇ ಆ ಮೂರು ವಾಕ್ಯ ಅಳಿಸಿದೆ.
ಈಗ ಕತ್ತಲಲ್ಲಿ ಕೋಟೆ ಕೈಗೆ ಸಿಗುತ್ತದೆ.

ಮೂವತ್ತೊಂದನೇ ಅಧ್ಯಾಯದಲ್ಲಿ ಕೆಂಚ
ಹೊರಗಿನವರಿಗೆ ದಿಡ್ಡಿಬಾಗಿಲು ತೆಗೆಯುತ್ತಾನೆ,
ಒಂದು ಚೀಲ ಹೊನ್ನಿಗೆ.
ಆಟದಲ್ಲಿ ಯಾರೂ ತೆಗೆಯಲಿಲ್ಲ.
ಒಲ್ಲೆ ಅಂದರು. ಬೀಗದಕೈ ನುಂಗಿದರು.
ಐಮಂಗಲದ ಟೀಚರೊಬ್ಬರು
ಹೊನ್ನು ಇಸ್ಕೊಂಡು ಅಗಳಿ ಹಾಕಿದರು.
ಒಬ್ಬ ಹುಡುಗ ಸುಮ್ಮನೆ ಮಲಗಿದ.
ಮೇಷ್ಟ್ರಿಗೆ ಸಿಟ್ಟು:
'ದುರ್ಗ ಬಿದ್ದು ಹೋಗೈತೆ ಕಣಮ್ಮ,
ಬಿದ್ದದ್ದನ್ನ ನಿನ್ನ ಪಡ್ಡೆಗಳು ಎತ್ತಿ ನಿಲ್ಲಿಸ್ತಾವೇನು?'

ಒಂದು ಸಂಜೆ ತಾವೇ ಬಂದರು.
ಲ್ಯಾಮಿನೇಶನ್ನಿನ ಸುಟ್ಟ ವಾಸನೆಯಲ್ಲಿ, ಸ್ಟೂಲಿನ ಮೇಲೆ,
ತೋರುಬೆರಳೊಂದನ್ನೇ ಊರಿಕೊಂಡು
ತಮ್ಮದೇ ಪುಸ್ತಕದೊಳಗೆ ನಡೆದರು.
ಎರಡು ಸಲ ದಾರಿ ತಪ್ಪಿದರು, ನಾನು ಹೇಳಿಕೊಡಲಿಲ್ಲ.
ಕೊನೆಗೂ ದಿಡ್ಡಿಬಾಗಿಲ ಮುಂದೆ.
ತಗಿ ಎನ್ನಲಿಲ್ಲ, ಒಲ್ಲೆ ಎನ್ನಲಿಲ್ಲ,
ಬಹಳ ಹೊತ್ತು ಅಕ್ಷರ ಹುಡುಕಿ ಕುಟ್ಟಿದರು:

> ಯಾಕೆ

ಆ ಪದ ನನಗೆ ತಿಳಿಯದು, ಎಂದಿತು ಕೋಟೆ.

ಹೊರಗೆ ಯಾರೋ ಆಧಾರ್ ಪ್ರತಿಗೆ ಕಾಯುತ್ತಿದ್ದರು.
ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಂಚಿಗೆ ಒರೆಸಿ
'ನಂಗೂ ತಿಳೀಲಿಲ್ಲ,' ಅಂದರು.
'ಅದಕ್ಕೇ ಹೊನ್ನು ಅಂತ ಬರೆದೆ.'

ಪದಪಟ್ಟಿಗೆ 'ಯಾಕೆ' ಸೇರಿಸಿದ್ದೇನೆ.
ಎದುರಿನ ಉತ್ತರದ ಜಾಗ ಖಾಲಿ.
ರಾತ್ರಿ ಹನ್ನೊಂದಕ್ಕೆ ಪಾಲೇಶನ ಫೋನು:
'ಅಕ್ಕಾ, ಎಣ್ಣೆಕೊಳಕ್ಕೆ ಇಳಿದುಬಿಟ್ಟೆ, ಮೇಲಕ್ಕೆ ಬಿಡ್ತಿಲ್ಲ.
ಹತ್ತು ಅಂದ್ರೆ
ಹತ್ತು ಏನು, ಹೊನ್ನೋ ರೊಟ್ಟಿಯೋ ಅಂತ ಕೇಳ್ತೈತೆ.'